ಪರಿಮಳ ಚಹಾದ ಗುಣಪರೀಕ್ಷೆ: ಮನೆಯಲ್ಲೇ ಅನುಸರಿಸಬಹುದಾದ ಕ್ರಮ

ಏಲಕ್ಕಿ ಚಹಾ, ಶುಂಠಿ ಚಹಾ, ಮಸಾಲ ಚಹಾ, ನಿಂಬೆ ಚಹಾ ಮುಂತಾದ ಹೆಸರುಗಳ ಪೊಟ್ಟಣಗಳು ಇಂದು ಸಣ್ಣ ಊರಿನ ಕಿರಾಣಿ ಅಂಗಡಿಯಲ್ಲಿಯೂ ಕಾಣಸಿಗುತ್ತವೆ. ಹರಾಜಿನಿಂದ ಅಥವಾ ಸಗಟು ವ್ಯಾಪಾರಿಗಳಿಂದ ಚಹಾಪುಡಿಯನ್ನು ಕೊಂಡು, ತಮ್ಮದೇ ಮಿಶ್ರಣ ಸಿದ್ಧಪಡಿಸಿ, ತಮ್ಮದೇ ಹೆಸರಿನಲ್ಲಿ ಮಾರುವ ಸಣ್ಣ ಉದ್ದಿಮೆದಾರರು ನಮ್ಮ ರಾಜ್ಯದ ಬಹುತೇಕ ಎಲ್ಲ ವ್ಯಾಪಾರ ಕೇಂದ್ರಗಳಲ್ಲಿಯೂ ಇದ್ದಾರೆ. ಸಾದಾ ಚಹಾಪುಡಿಯ ವ್ಯಾಪಾರದಲ್ಲಿ ಲಾಭದ ಅಂತರ ತೀರ ಕಡಿಮೆ. ಪರಿಮಳ ಸೇರಿಸಿದ ಚಹಾದಲ್ಲಿ ಅದು ತುಸು ಹೆಚ್ಚು. ಆದುದರಿಂದ ಅನೇಕರು ಈ ಕಡೆಗೆ ತಿರುಗುತ್ತಿರುವುದು ಸಹಜ.

ಆದರೆ ಇಂಥ ಸರಕನ್ನು ಕೊಳ್ಳುವಾಗ ಅಥವಾ ತಯಾರಿಸುವಾಗ ಅದರ ಗುಣವನ್ನು ನಿರ್ಣಯಿಸುವ ರೀತಿ ಮಾತ್ರ ಹಳೆಯದಾಗಿಯೇ ಉಳಿದಿದೆ. ಪೊಟ್ಟಣವನ್ನು ಒಡೆದು ಮೂಸಿ ನೋಡುವುದು, ಅಂಗಡಿಯ ಹುಡುಗನಿಗೆ ಹೇಳಿ ಒಂದು ಲೋಟ ಮಾಡಿಸಿ ಕುಡಿಯುವುದು, ಕೂಡಲೇ ಆದೇಶ ಕೊಡುವುದು ಅಥವಾ ಬೇಡವೆನ್ನುವುದು. ಒಂದು ಚೀಲ ಸರಕು ತಪ್ಪಾಗಿ ಬಂದರೆ ನಷ್ಟ ಆ ಚೀಲಕ್ಕಷ್ಟೇ ಸೀಮಿತವಲ್ಲ. ಚಹಾ ದಿನವೂ ಎರಡು ಹೊತ್ತು ಕುಡಿಯುವ ಪದಾರ್ಥ. ರುಚಿ ಕೆಟ್ಟಿತೆಂದು ಒಮ್ಮೆ ಬಿಟ್ಟುಹೋದ ಗಿರಾಕಿ ಅದೇ ಹೆಸರಿನ ಪೊಟ್ಟಣಕ್ಕೆ ಮರಳಿ ಬರುವುದು ಅಪರೂಪ.

ಚಹಾದ ರುಚಿ ಪರೀಕ್ಷೆ ಎಂದರೆ ಕೂನೂರು, ಕೊಚ್ಚಿ, ಕೋಲ್ಕತ್ತಗಳ ಪರಿಣತರ ಕೆಲಸ ಎಂಬ ಭಾವನೆ ಇದೆ. ಹರಾಜಿಗೆ ಬೆಲೆ ಕಟ್ಟುವ ಮಟ್ಟದ ಪರಿಣತಿಗೆ ವರ್ಷಗಳ ಅಭ್ಯಾಸ ಬೇಕೆಂಬುದು ನಿಜ. ಆದರೆ ಎರಡು ಮಾದರಿಗಳಲ್ಲಿ ಯಾವುದು ಉತ್ತಮ, ಯಾವುದರಲ್ಲಿ ದೋಷವಿದೆ, ನಮ್ಮ ಗಿರಾಕಿಗೆ ಯಾವುದು ಒಪ್ಪುತ್ತದೆ ಎಂಬಷ್ಟನ್ನು ತಿಳಿಯಲು ಮನೆಯ ಅಡುಗೆಮನೆ, ಒಂದು ಸಣ್ಣ ತಕ್ಕಡಿ, ಒಂದು ಗಡಿಯಾರ ಮತ್ತು ಶಿಸ್ತು ಸಾಕು. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪರಿಮಳ ಚಹಾದ ಬಗೆಗಳು

ಮಾರುಕಟ್ಟೆಯಲ್ಲಿ ಒಂದೇ ಹೆಸರಿನಿಂದ ಕರೆಯಲ್ಪಡುವ ಈ ಸರಕು ವಾಸ್ತವವಾಗಿ ನಾಲ್ಕು ಬಗೆಯದು. ಪರೀಕ್ಷೆಗೆ ಮುನ್ನ ಕೈಯಲ್ಲಿರುವುದು ಯಾವ ಬಗೆಯದೆಂದು ತಿಳಿದಿರಬೇಕು.

ಮೊದಲನೆಯದು, ಮಸಾಲೆ ಪದಾರ್ಥವನ್ನೇ ಬೆರೆಸಿದ ಚಹಾ. ಏಲಕ್ಕಿ, ಒಣಶುಂಠಿ, ಚಕ್ಕೆ, ಲವಂಗ, ಮೆಣಸುಗಳ ಚೂರು ಅಥವಾ ಪುಡಿ ಇದರಲ್ಲಿ ಕಣ್ಣಿಗೆ ಕಾಣುತ್ತದೆ. ಎರಡನೆಯದು, ತೈಲ ಅಥವಾ ಸಾರವನ್ನು ಸಿಂಪಡಿಸಿದ ಚಹಾ. ಬೆರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ತೈಲ ಸೇರಿಸಿದ ಅರ್ಲ್ ಗ್ರೇ ಚಹಾ ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. ನಮ್ಮಲ್ಲಿನ ನಿಂಬೆ ಚಹಾಗಳಲ್ಲಿ ಬಹಳಷ್ಟು ಈ ಬಗೆಯವು. ಮೂರನೆಯದು, ಹೂವಿನ ಕಂಪನ್ನು ಎಲೆಗೆ ಹತ್ತಿಸಿದ ಚಹಾ. ಚೀನಾದ ಮಲ್ಲಿಗೆ ಚಹಾದಲ್ಲಿ ರಾತ್ರಿ ಅರಳುವ ದುಂಡುಮಲ್ಲಿಗೆಯನ್ನು ಚಹಾ ಎಲೆಯೊಡನೆ ಪದರಪದರವಾಗಿ ಹರಡಿ, ಕಂಪು ಎಲೆಗೆ ಇಳಿದ ಮೇಲೆ ಹೂವನ್ನು ಬೇರ್ಪಡಿಸುತ್ತಾರೆ. ನಾಲ್ಕನೆಯದು, ತುಳಸಿ, ನಿಂಬೆಹುಲ್ಲು, ದಾಸವಾಳ ಇತ್ಯಾದಿಗಳ ಒಣಮಿಶ್ರಣ. ಇದರಲ್ಲಿ ಚಹಾ ಎಲೆಯೇ ಇಲ್ಲದಿದ್ದರೆ ಅದು ಕಷಾಯವೇ ಹೊರತು ಚಹಾ ಅಲ್ಲ. ಕ್ಯಾಮೆಲಿಯ ಸೈನೆನ್ಸಿಸ್ ಎಂಬ ಗಿಡದ ಎಲೆಯಿಂದ ತಯಾರಾದುದು ಮಾತ್ರ ಚಹಾ.

ಮೂಲ ಚಹಾವೇ ಆಧಾರ

ಪರಿಮಳ ಚಹಾವನ್ನು ತೂಗಿ ನೋಡುವವರು ಮೊದಲು ನೆನಪಿಡಬೇಕಾದ ಮಾತೊಂದಿದೆ. ಪರಿಮಳವು ಚಹಾಕ್ಕೆ ಅಲಂಕಾರವೂ ಆಗಬಹುದು, ಮುಸುಕೂ ಆಗಬಹುದು. ಹಳೆಯದಾಗಿ ಸಪ್ಪೆಯಾದ, ಒದ್ದೆ ತಗುಲಿ ಮುಗ್ಗಲು ಹಿಡಿದ ಅಥವಾ ಒಣಗಿಸುವಾಗ ಸೀದ ಚಹಾಪುಡಿಗೆ ಕಟುವಾದ ಏಲಕ್ಕಿ ಸಾರವನ್ನು ಸೇರಿಸಿದರೆ, ಮೂಸಿ ನೋಡುವವನ ಮೂಗಿಗೆ ಏಲಕ್ಕಿ ಮಾತ್ರ ಸಿಗುತ್ತದೆ. ದೋಷ ಬಯಲಾಗುವುದು ಲೋಟದಲ್ಲಿ, ಅದೂ ಚಹಾ ಸ್ವಲ್ಪ ಆರಿದ ಮೇಲೆ.

ಕಪ್ಪು ಚಹಾದ ಗುಣ ಮುಖ್ಯವಾಗಿ ಎರಡು ವರ್ಗದ ಸಂಯುಕ್ತಗಳನ್ನು ಅವಲಂಬಿಸಿದೆ. ಎಲೆಯನ್ನು ಜಜ್ಜಿ ಗಾಳಿಗೆ ಹರಡಿದಾಗ ಉಂಟಾಗುವ ಥಿಯಾಫ್ಲೇವಿನ್‌ಗಳು ಡಿಕಾಕ್ಷನ್ನಿಗೆ ಹೊಳಪನ್ನೂ, ನಾಲಿಗೆಯನ್ನು ಚುರುಕುಗೊಳಿಸುವ ಒಗರನ್ನೂ ಕೊಡುತ್ತವೆ. ಥಿಯಾರುಬಿಜಿನ್‌ಗಳು ಕೆಂಪುಕಂದು ಬಣ್ಣವನ್ನೂ ಮೈದುಂಬಿದ ಗಟ್ಟಿತನವನ್ನೂ ಕೊಡುತ್ತವೆ. ಈ ಎರಡೂ ಹದವಾಗಿರುವ ಚಹಾ ಮಾತ್ರ ಹಾಲು, ಸಕ್ಕರೆ, ಮಸಾಲೆ ಮೂರನ್ನೂ ತಾಳಿಕೊಳ್ಳಬಲ್ಲದು. ಆದುದರಿಂದ ಸ್ವಂತ ಮಿಶ್ರಣ ತಯಾರಿಸುವವರು ಪರಿಮಳ ಸೇರಿಸುವ ಮುನ್ನ ಮೂಲ ಚಹಾವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಸಿದ್ಧ ಸರಕನ್ನು ಕೊಳ್ಳುವವರು, ಸಾಧ್ಯವಿದ್ದಲ್ಲಿ, ಪರಿಮಳ ಸೇರಿಸದ ಮೂಲ ಚಹಾದ ಮಾದರಿಯನ್ನೂ ಕೇಳಿ ಪಡೆಯಬೇಕು. ಅದನ್ನು ಕೊಡಲು ಹಿಂಜರಿಯುವ ಪೂರೈಕೆದಾರರ ಸರಕನ್ನು ಹೆಚ್ಚು ಎಚ್ಚರದಿಂದ ನೋಡುವುದು ಒಳಿತು.

ಸಾಮಗ್ರಿ ಮತ್ತು ನೀರು

ರುಚಿ ಪರೀಕ್ಷೆಗೆ ಚಹಾ ಸಿದ್ಧಪಡಿಸುವ ಕ್ರಮವನ್ನು ಐಎಸ್ಒ 3103 ಎಂಬ ಅಂತರರಾಷ್ಟ್ರೀಯ ಮಾನಕ ನಿಗದಿಪಡಿಸಿದೆ. 1980ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕೃತವಾದ ಈ ಮಾನಕದ ತಿರುಳು ಸರಳ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಚಹಾ, ಕುದಿಯುವ ನೀರು, ಮುಚ್ಚಿದ ಪಿಂಗಾಣಿ ಪಾತ್ರೆ, 6 ನಿಮಿಷ. ಇದು ರುಚಿಯಾದ ಚಹಾ ಮಾಡುವ ವಿಧಾನವೆಂದು ಯಾರೂ ಭಾವಿಸಬಾರದು. ಇದರಿಂದ ದೊರೆಯುವ ಡಿಕಾಕ್ಷನ್ ಕುಡಿಯುವುದಕ್ಕಿಂತ ತುಸು ಗಡುಸೇ. ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ ಸಿದ್ಧವಾದ ಮಾದರಿಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಲು ಸಾಧ್ಯವಾಗಲೆಂಬುದೇ ಇದರ ಆಶಯ.

ಬೇಕಾಗುವ ಸಾಮಗ್ರಿ ಇಷ್ಟು: ಒಂದೇ ಅಳತೆಯ ಬಿಳಿ ಪಿಂಗಾಣಿ ಬಟ್ಟಲುಗಳು, ಅವುಗಳಿಗೆ ಮುಚ್ಚಳ, ಗ್ರಾಮಿನ ಹತ್ತನೆಯ ಒಂದು ಭಾಗದವರೆಗೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ನುಣುಪು ಜಾಲರಿಯ ಸೋಸಣಿಗೆ, ಸ್ಟೀಲ್ ಚಮಚಗಳು, ಅಳತೆ ಲೋಟ. ಚಮಚದಿಂದ ಚಹಾಪುಡಿ ಅಳೆಯುವುದು ಸಲ್ಲದು. ಡಸ್ಟ್ ಚಹಾ ಚಮಚದಲ್ಲಿ ಒತ್ತಾಗಿ ಕೂರುತ್ತದೆ, ಎಲೆ ಚಹಾ ಸಡಿಲವಾಗಿ ನಿಲ್ಲುತ್ತದೆ. ಹೀಗಾಗಿ ಸಮವಾದ ಚಮಚಗಳಲ್ಲಿ ತೂಕ ಸಮವಾಗಿರುವುದಿಲ್ಲ. ಅದೇ ಕಾರಣಕ್ಕೆ ಡಸ್ಟ್ ಚಹಾವನ್ನು ಡಸ್ಟ್ ಚಹಾದೊಡನೆ, ಎಲೆ ಚಹಾವನ್ನು ಎಲೆ ಚಹಾದೊಡನೆ ಮಾತ್ರ ಹೋಲಿಸಬೇಕು. ಕಣ ಚಿಕ್ಕದಾದಷ್ಟೂ ಬಣ್ಣ ಬೇಗ ಇಳಿಯುತ್ತದೆ. ಬೇಗ ಬಣ್ಣ ಬಿಟ್ಟ ಮಾತ್ರಕ್ಕೆ ಅದು ಉತ್ತಮ ಚಹಾ ಆಗುವುದಿಲ್ಲ.

ನೀರಿನ ವಿಚಾರ ಬಹಳ ಮುಖ್ಯ. ಚಹಾವನ್ನು ಯಾವ ಪ್ರದೇಶದಲ್ಲಿ ಕುಡಿಯಲಾಗುತ್ತದೆಯೋ ಅಲ್ಲಿನ ಕುಡಿಯುವ ನೀರಿನಂಥದನ್ನೇ ಪರೀಕ್ಷೆಗೆ ಬಳಸಬೇಕೆಂಬುದು ಮಾನಕದ ಸೂಚನೆ. ಗಡಸು ನೀರಿನಲ್ಲಿ ಡಿಕಾಕ್ಷನ್ ಮಂಕಾಗುತ್ತದೆ, ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಮಿರಿಮಿರಿ ಹೊಳೆದ ಚಹಾ, ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಸಪ್ಪೆಯೆನಿಸಬಹುದು. ಶುದ್ಧೀಕರಿಸಿದ ಕ್ಯಾನ್ ನೀರಿನಲ್ಲಿ ಪರೀಕ್ಷಿಸಿ, ನಲ್ಲಿ ಅಥವಾ ಕೊಳವೆಬಾವಿ ನೀರು ಬಳಸುವ ಗಿರಾಕಿಗಳಿಗೆ ಮಾರುವುದು ಲೆಕ್ಕ ತಪ್ಪಿದ ವ್ಯಾಪಾರ. ಎರಡು ಸೀಮೆಗಳಲ್ಲಿ ಮಾರುಕಟ್ಟೆ ಇರುವವರು ಎರಡೂ ನೀರಿನಲ್ಲಿ ಪರೀಕ್ಷಿಸಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕರಾವಳಿಯಲ್ಲಿ 100 ಡಿಗ್ರಿಯಲ್ಲಿ. ಆದ್ದರಿಂದ ಮಂಗಳೂರಿನ ಪರೀಕ್ಷೆಯನ್ನು ಬೆಂಗಳೂರಿನ ಪರೀಕ್ಷೆಯೊಡನೆ ನೇರವಾಗಿ ಹೋಲಿಸಬಾರದು.

ಮಾದರಿ ತೆಗೆಯುವ ಕ್ರಮ

ಸಾದಾ ಚಹಾಕ್ಕೆ ಇಲ್ಲದ ತೊಡಕೊಂದು ಮಸಾಲೆ ಬೆರೆಸಿದ ಚಹಾಕ್ಕಿದೆ. ಚಹಾದ ಕಣ ಮತ್ತು ಮಸಾಲೆಯ ಪುಡಿ ಒಂದೇ ಗಾತ್ರ, ಒಂದೇ ತೂಕದವಲ್ಲ. ಲಾರಿಯ ಕುಲುಕಾಟದಲ್ಲಿ ನುಣುಪಾದ ಪುಡಿ ಚೀಲದ ತಳಕ್ಕೆ ಇಳಿಯುತ್ತದೆ, ದಪ್ಪ ಚೂರು ಮೇಲೆ ಉಳಿಯುತ್ತದೆ. ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಅದು ಇಡೀ ಚೀಲದ ಗುಣವನ್ನು ಹೇಳುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ಸಮನಾಗಿ ತೆಗೆದು, ಶುಭ್ರವಾದ ಕಾಗದದ ಮೇಲೆ ರಾಶಿ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಂಡು ಮತ್ತೆ ಬೆರೆಸಬೇಕು. ಬೇಕಾದಷ್ಟು ಪ್ರಮಾಣ ಉಳಿಯುವವರೆಗೆ ಇದನ್ನು ಪುನರಾವರ್ತಿಸಬೇಕು.

ತಯಾರಕರು ಇದಕ್ಕೆ ವಿರುದ್ಧವಾದ ಪರೀಕ್ಷೆಯನ್ನೂ ಮಾಡಬೇಕು. ಬೇಕೆಂದೇ ಮೇಲಿನ ಪದರದ ಒಂದು ಮಾದರಿ, ತಳದ ಒಂದು ಮಾದರಿ ತೆಗೆದು ಬೇರೆ ಬೇರೆಯಾಗಿ ರುಚಿ ನೋಡಬೇಕು. ಎರಡರಲ್ಲಿ ಸ್ಪಷ್ಟ ಅಂತರವಿದ್ದರೆ ಮಸಾಲೆಯನ್ನು ಚಹಾದ ಕಣದ ಗಾತ್ರಕ್ಕೆ ಹೊಂದುವಂತೆ ಕುಟ್ಟಿಸಿ ಜರಡಿ ಹಿಡಿಯುವುದು ಅಗತ್ಯ. ಇಲ್ಲವಾದಲ್ಲಿ ಪೊಟ್ಟಣ ಒಡೆದ ಮೊದಲ ವಾರ ಗಿರಾಕಿಗೆ ಏಲಕ್ಕಿ ಸಾಲದು, ಕೊನೆಯ ವಾರ ಏಲಕ್ಕಿ ಅತಿಯಾಯಿತು.

ಪರೀಕ್ಷೆಯ ಹಂತಗಳು

1. ಒಣ ಪುಡಿಯ ನೋಟ: ಬಿಳಿ ಕಾಗದದ ಮೇಲೆ ಹಗಲು ಬೆಳಕಿನಲ್ಲಿ ಹರಡಿ ನೋಡಬೇಕು. ಕಣಗಳು ಸಮನಾಗಿರಬೇಕು. ಕಂದು ನಾರು, ಕಡ್ಡಿ ಹೆಚ್ಚಿದ್ದರೆ ಅದು ಕೆಳದರ್ಜೆ. ಏಲಕ್ಕಿ ಚಹಾದಲ್ಲಿ ಕಪ್ಪು ಬೀಜದ ಚೂರಿಗಿಂತ ಸಿಪ್ಪೆಯೇ ಹೆಚ್ಚು ಕಂಡರೆ ಗಮನಿಸಬೇಕು. ಏಲಕ್ಕಿಯ ಪರಿಮಳ ತೈಲವಿರುವುದು ಬೀಜದಲ್ಲಿ. ಸಿಪ್ಪೆ ತೂಕವನ್ನಷ್ಟೇ ಕೊಡುತ್ತದೆ.

2. ಒಣ ಪರಿಮಳ: ಅಂಗೈಯಲ್ಲಿ ಸ್ವಲ್ಪ ಪುಡಿ ಹಿಡಿದು, ಬಿಸಿಯುಸಿರು ಬಿಟ್ಟು ಮೂಸಬೇಕು. ಪರಿಮಳದ ಹಿಂದೆ ಚಹಾದ ವಾಸನೆ ಇದೆಯೇ, ಮುಗ್ಗಲು, ಹೊಗೆ, ಸೋಪು, ಎಣ್ಣೆಯ ಛಾಯೆ ಇದೆಯೇ ಎಂದು ಗುರುತಿಸಬೇಕು.

3. ಡಿಕಾಕ್ಷನ್: 100 ಮಿಲಿಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಪುಡಿ ಹಾಕಿ, ಆಗತಾನೇ ಕುದಿದ ನೀರು ಸುರಿದು, ಮುಚ್ಚಿ, 6 ನಿಮಿಷದ ಬಳಿಕ ಸೋಸಬೇಕು. ಎಲ್ಲ ಬಟ್ಟಲುಗಳಿಗೂ ಒಂದೇ ಅವಧಿ ಸಿಗುವಂತೆ ಅರ್ಧ ನಿಮಿಷದ ಅಂತರದಲ್ಲಿ ನೀರು ಸುರಿಯುತ್ತ ಬಂದು, ಅದೇ ಅನುಕ್ರಮದಲ್ಲಿ ಸೋಸಬೇಕು.

4. ಗಷ್ಟು: ಸೋಸಿದ ಗಷ್ಟನ್ನು ಬಿಸಿಯಿರುವಾಗಲೇ ಮೂಸಬೇಕು. ಪರಿಮಳ ಚಹಾದ ಅನೇಕ ಗುಟ್ಟುಗಳು ಬಯಲಾಗುವುದು ಇಲ್ಲಿಯೇ. ತಾಮ್ರದ ಹೊಳಪಿನ ಗಷ್ಟು ಒಳ್ಳೆಯ ಚಹಾದ ಲಕ್ಷಣ. ಕರಿಹಸಿರು ಅಥವಾ ಮಸಿಬಣ್ಣ ಕಳಪೆಯ ಸೂಚನೆ.

5. ಬಣ್ಣ ಮತ್ತು ರುಚಿ: ಬಾಯಿ ಸುಡದಷ್ಟು ಆರಿದ ಮೇಲೆ ಒಂದು ಚಮಚ ಡಿಕಾಕ್ಷನನ್ನು ಸದ್ದಾಗುವಂತೆ ಜೋರಾಗಿ ಹೀರಬೇಕು. ಹೀಗೆ ಹೀರಿದಾಗ ದ್ರವ ತುಂತುರಾಗಿ ಹರಡಿ ಆವಿ ಮೂಗಿನ ಹಿಂಭಾಗಕ್ಕೆ ಏರುತ್ತದೆ. ನಾಲಿಗೆ ತಿಳಿಸುವುದು ಕಹಿ, ಹುಳಿ, ಸಿಹಿಗಳಂಥ ಕೆಲವೇ ರುಚಿಗಳನ್ನು. ಏಲಕ್ಕಿ ಯಾವುದು, ನಿಂಬೆ ಯಾವುದು ಎಂದು ಗುರುತಿಸುವುದು ಮೂಗು. ಬಾಯಲ್ಲಿ ಆಡಿಸಿ ಉಗುಳಿ, ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಂದಿನ ಬಟ್ಟಲಿಗೆ ಹೋಗಬೇಕು.

6. ಆರಿದ ಮೇಲೆ ಮತ್ತೊಮ್ಮೆ: ಇಪ್ಪತ್ತು ನಿಮಿಷ ಬಿಟ್ಟು ಪುನಃ ರುಚಿ ನೋಡಬೇಕು. ಬಿಸಿಯಲ್ಲಿ ಅಡಗಿದ್ದ ದೋಷ ತಣ್ಣಗಾದಾಗ ತಲೆಯೆತ್ತುತ್ತದೆ. ಆರುತ್ತ ಬಂದಂತೆ ಗಟ್ಟಿ ಚಹಾ ಕದಡಿದಂತಾದರೆ ಅದನ್ನು ದೋಷವೆಂದು ತಿಳಿಯಬಾರದು. ಥಿಯಾಫ್ಲೇವಿನ್ ಮತ್ತು ಕೆಫೀನ್ ಕೂಡಿಕೊಳ್ಳುವುದರಿಂದ ಹಾಗಾಗುತ್ತದೆ. ಅದು ಒಳ್ಳೆಯ ಲಕ್ಷಣವೇ.

ಒಂದು ಸಲಕ್ಕೆ ನಾಲ್ಕೈದು ಮಾದರಿಗಳಿಗಿಂತ ಹೆಚ್ಚು ಬೇಡ. ಸಾದಾ ಚಹಾ ಮೊದಲು, ಹೂವಿನ ಕಂಪಿನದು ಅನಂತರ, ಬಳಿಕ ನಿಂಬೆ, ಏಲಕ್ಕಿ, ಕೊನೆಗೆ ಶುಂಠಿ ಮತ್ತು ಮಸಾಲ. ಶುಂಠಿಯ ಖಾರ, ಲವಂಗದ ಘಾಟು ನಾಲಿಗೆಯನ್ನು ಕೆಲಹೊತ್ತು ಮಂಕುಗೊಳಿಸುವುದರಿಂದ ಈ ಅನುಕ್ರಮ. ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಎಲೆಯಡಿಕೆ, ಸಿಗರೇಟು, ಖಾರದ ತಿಂಡಿ ವರ್ಜ್ಯ. ಒಗ್ಗರಣೆಯ ಹೊಗೆ, ಊದುಬತ್ತಿಯ ವಾಸನೆ ಇರುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಪರೀಕ್ಷೆ ನಡೆಸಬಾರದು. ತಿಂಡಿ ಮುಗಿದು ಎರಡು ಗಂಟೆಯಾದ ಮೇಲೆ, ಮಧ್ಯಾಹ್ನದ ಅಡುಗೆ ಆರಂಭವಾಗುವ ಮುನ್ನ, ಪ್ರಶಸ್ತ ಕಾಲ.

ಪರಿಮಳವಾರು ಗಮನಿಸಬೇಕಾದುದು

ಏಲಕ್ಕಿ: ತಂಪಿನ ಚುರುಕು ಸಿನಿಯೋಲ್ ಎಂಬ ಅಂಶದಿಂದ, ಸಿಹಿಯಾದ ಮೃದು ಕಂಪು ಟರ್ಪಿನೈಲ್ ಅಸಿಟೇಟ್‌ನಿಂದ ಬರುತ್ತದೆ. ಎರಡೂ ಕೂಡಿದ್ದರೆ ಪೂರ್ಣ ಏಲಕ್ಕಿ. ನೀಲಗಿರಿ ಎಣ್ಣೆಯನ್ನು ನೆನಪಿಸುವ ತಂಪು ಮಾತ್ರ ಎದ್ದುಕಂಡು ಸಿಹಿ ಕಂಪು ಇಲ್ಲವಾದರೆ ಏಲಕ್ಕಿಯ ಗುಣ ಅಥವಾ ಸಾರದ ಗುಣ ಸಂಶಯಾಸ್ಪದ. ಕೊಡಗು, ಹಾಸನ, ಚಿಕ್ಕಮಗಳೂರು ಹಾಗೂ ಉತ್ತರ ಕನ್ನಡದ ಏಲಕ್ಕಿ ಹತ್ತಿರದಲ್ಲೇ ದೊರೆಯುವುದರಿಂದ, ಅಪ್ಪಟ ಏಲಕ್ಕಿಯ ಒಂದು ಮಾದರಿಯನ್ನು ಹೋಲಿಕೆಗೆ ಇಟ್ಟುಕೊಳ್ಳುವುದು ನಮ್ಮವರಿಗೆ ಕಷ್ಟವಲ್ಲ.

ಶುಂಠಿ: ಹಸಿ ಶುಂಠಿಯ ಜಿಂಜರಾಲ್ ಒಣಗಿದಾಗ ಭಾಗಶಃ ಶೋಗಾಲ್ ಆಗಿ ಮಾರ್ಪಡುತ್ತದೆ. ಶೋಗಾಲ್ ಇನ್ನೂ ಖಾರ. ಹೀಗಾಗಿ ಪೊಟ್ಟಣದ ಶುಂಠಿ ಚಹಾದಲ್ಲಿ ಮನೆಯ ಹಸಿ ಶುಂಠಿಯ ತಾಜಾತನವನ್ನು ನಿರೀಕ್ಷಿಸಬಾರದು. ಗಂಟಲಲ್ಲಿ ಹಿತವಾದ ಬಿಸಿ ಉಳಿಯುತ್ತದೆಯೇ, ಅಥವಾ ಒರಟಾಗಿ ಉರಿಯುತ್ತದೆಯೇ ಎಂಬುದನ್ನು ನೋಡಬೇಕು.

ನಿಂಬೆ: ಲಿಮೊನೀನ್ ಮತ್ತು ಸಿಟ್ರಾಲ್ ಇದರ ಮುಖ್ಯ ಕಂಪು. ಇವು ಗಾಳಿ ಬೆಳಕಿಗೆ ಬೇಗ ಕೆಡುತ್ತವೆ. ಹಳಸಿದ ನಿಂಬೆ ಚಹಾದಲ್ಲಿ ಬಣ್ಣದೆಣ್ಣೆಯನ್ನು ಹೋಲುವ ವಾಸನೆ ಬರುತ್ತದೆ. ನಿಂಬೆಯ ಹುಳಿ ಇರುವ ಚಹಾದಲ್ಲಿ ಡಿಕಾಕ್ಷನ್ನಿನ ಬಣ್ಣ ತಿಳಿಯಾಗುವುದು ಸ್ವಾಭಾವಿಕ. ಬಣ್ಣಕ್ಕಾಗಿ ಅಂಕ ಕಡಿಯಬಾರದು. ಇದನ್ನು ಹಾಲಿಲ್ಲದೆಯೇ ಪರೀಕ್ಷಿಸಬೇಕು.

ಮಸಾಲ: ಇಲ್ಲಿ ಒಂದು ಪದಾರ್ಥ ಇನ್ನೊಂದನ್ನು ತುಳಿಯಬಾರದು. ಲವಂಗದ ಯೂಜಿನಾಲ್ ಸ್ವಲ್ಪ ಮೀರಿದರೂ ನಾಲಿಗೆ ಜೋಮು ಹಿಡಿದಂತಾಗಿ, ಹಲ್ಲುನೋವಿನ ಔಷಧದ ನೆನಪಾಗುತ್ತದೆ. ಮೊದಲ ಗುಟುಕಿನಲ್ಲಿ ಏಲಕ್ಕಿ, ನಡುವೆ ಚಹಾ, ಕೊನೆಗೆ ಶುಂಠಿ ಮೆಣಸುಗಳ ಬಿಸಿ ಹೀಗೆ ಒಂದರ ಹಿಂದೆ ಒಂದು ಬಂದರೆ ಮಿಶ್ರಣ ಹದವಾಗಿದೆ ಎನ್ನಬಹುದು.

ಹಾಲಿನೊಡನೆ ಪರೀಕ್ಷೆ

ಹಾಲಿಲ್ಲದ ಡಿಕಾಕ್ಷನ್ ದೋಷವನ್ನು ತೋರಿಸುತ್ತದೆ. ಆದರೆ ಗಿರಾಕಿ ಕುಡಿಯುವುದು ಹಾಲು ಸಕ್ಕರೆ ಹಾಕಿ ಕುದಿಸಿದ ಚಹಾ. ಆದುದರಿಂದ ಎರಡನೆಯ ಸುತ್ತಿನ ಪರೀಕ್ಷೆ ಅನಿವಾರ್ಯ. ಹಾಲಿನ ಕೇಸೀನ್ ಎಂಬ ಪ್ರೋಟೀನು ಚಹಾದ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲಿನ ಕೊಬ್ಬು ಪರಿಮಳ ತೈಲವನ್ನು ಕರಗಿಸಿಕೊಳ್ಳುತ್ತದೆ. ಜೊತೆಗೆ ಕುದಿತದಲ್ಲಿ ಆವಿಯಾಗಿ ಹೋಗುವ ಪರಿಮಳವೂ ಕಡಿಮೆಯಲ್ಲ. ಡಿಕಾಕ್ಷನ್ನಿನಲ್ಲಿ ಗಾಢವೆನಿಸಿದ ಪರಿಮಳ ಹಾಲಿನ ಚಹಾದಲ್ಲಿ ಮಾಯವಾಗುವುದೂ, ಅಲ್ಲಿ ಅತಿಯೆನಿಸಿದ್ದು ಇಲ್ಲಿ ಹದವಾಗುವುದೂ ಇದೇ ಕಾರಣಕ್ಕೆ.

ತಮ್ಮ ಗಿರಾಕಿಗಳು ಬಳಸುವ ಹಾಲು, ಅವರು ಹಾಕುವ ನೀರು ಹಾಲಿನ ಪ್ರಮಾಣ, ಅವರು ಕುದಿಸುವಷ್ಟೇ ಹೊತ್ತು, ಇವನ್ನು ಒಮ್ಮೆ ನಿಗದಿಪಡಿಸಿಕೊಂಡು ಪ್ರತಿ ಪರೀಕ್ಷೆಯಲ್ಲಿಯೂ ಅದನ್ನೇ ಪಾಲಿಸಬೇಕು. ಹೋಟೆಲುಗಳಿಗೆ ಸರಕು ಕೊಡುವವರು ಅರ್ಧ ಗಂಟೆ ಬಿಸಿಯಾಗಿಯೇ ಇಟ್ಟ ಚಹಾವನ್ನೂ ಪರೀಕ್ಷಿಸಬೇಕು. ಅಲ್ಲಿನ ಚಹಾ ಮಾಡಿದ ಕೂಡಲೇ ಮಾರಾಟವಾಗುವುದಿಲ್ಲ.

ಅಂಕಪಟ್ಟಿ

ನೆನಪನ್ನು ನಂಬಿ ವ್ಯಾಪಾರ ಮಾಡಲಾಗದು. ಪ್ರತಿ ಮಾದರಿಗೂ ಒಂದು ಚೀಟಿ ಇರಲಿ. 100 ಅಂಕಗಳನ್ನು ಹೀಗೆ ಹಂಚಿಕೊಳ್ಳಬಹುದು: ಒಣ ಪುಡಿಯ ನೋಟ 10, ಒಣ ಪರಿಮಳ 10, ಡಿಕಾಕ್ಷನ್ನಿನ ಬಣ್ಣ ಮತ್ತು ಹೊಳಪು 15, ಮೂಲ ಚಹಾದ ರುಚಿ 25, ಚಹಾ ಮತ್ತು ಪರಿಮಳದ ಹೊಂದಾಣಿಕೆ 20, ಹಾಲಿನೊಡನೆ 15, ನುಂಗಿದ ಬಳಿಕ ಉಳಿಯುವ ರುಚಿ 5. ಪರಿಮಳ ಚಹಾವಾದರೂ ಹೆಚ್ಚಿನ ಅಂಕ ಮೂಲ ಚಹಾಕ್ಕೇ ಮೀಸಲಾಗಿರುವುದನ್ನು ಓದುಗರು ಗಮನಿಸಬೇಕು. ಹಾಲು ಬೆರೆಸದ ನಿಂಬೆ ಚಹಾದಂಥವಕ್ಕೆ ಹಾಲಿನ 15 ಅಂಕಗಳನ್ನು ಹೊಂದಾಣಿಕೆಗೆ ಸೇರಿಸಬಹುದು. ಚೀಟಿಯಲ್ಲಿ ದಿನಾಂಕ, ಪೂರೈಕೆದಾರರ ಹೆಸರು, ಬ್ಯಾಚ್ ಸಂಖ್ಯೆ, ಬೆಲೆ, ಬಳಸಿದ ನೀರು ಇವೂ ದಾಖಲಾಗಲಿ. ಒಪ್ಪಿಗೆಯಾದ ಮಾದರಿಯ 100 ಗ್ರಾಂ ಅನ್ನು ಗಾಳಿಯಾಡದ ಡಬ್ಬಿಯಲ್ಲಿ ಮೊಹರು ಮಾಡಿಟ್ಟರೆ, ಮುಂದೆ ಬರುವ ಸರಕನ್ನು ಅದರೊಡನೆ ಹೋಲಿಸಲು, ವ್ಯತ್ಯಾಸ ಕಂಡಲ್ಲಿ ಪೂರೈಕೆದಾರರೊಡನೆ ಮಾತನಾಡಲು ಆಧಾರ ದೊರೆಯುತ್ತದೆ.

ತ್ರಿಕೋನ ಪರೀಕ್ಷೆ ಮತ್ತು ವೆಚ್ಚದ ಲೆಕ್ಕ

ಮಿಶ್ರಣದಲ್ಲಿ ಬದಲಾವಣೆ ಮಾಡುವಾಗ ಉದ್ದಿಮೆದಾರರನ್ನು ಕಾಡುವ ಪ್ರಶ್ನೆ ಒಂದೇ: ಗಿರಾಕಿಗೆ ಇದು ಗೊತ್ತಾಗುತ್ತದೆಯೇ? ಇದಕ್ಕೆ ಉತ್ತರ ಕೊಡುವ ಸರಳ ಕ್ರಮ ತ್ರಿಕೋನ ಪರೀಕ್ಷೆ. ಐಎಸ್ಒ 4120 ಎಂಬ ಮಾನಕ ಇದಕ್ಕೇ ಮೀಸಲಾಗಿದೆ. ಮೂರು ಲೋಟಗಳನ್ನು ಕೊಡಲಾಗುತ್ತದೆ. ಎರಡರಲ್ಲಿ ಒಂದೇ ಚಹಾ, ಮೂರನೆಯದರಲ್ಲಿ ಬೇರೆ. ಬೇರೆಯಾದುದು ಯಾವುದೆಂದು ಪರೀಕ್ಷಕರು ಹೇಳಬೇಕು. ಲೋಟಗಳ ತಳದಲ್ಲಿ ಗುರುತು ಹಾಕಿ, ಚಹಾ ಮಾಡಿದವರು ಪರೀಕ್ಷಕರ ಕಣ್ಣಿಗೆ ಬೀಳದಂತಿದ್ದು, ಪ್ರತಿ ಸಲವೂ ಅನುಕ್ರಮ ಬದಲಿಸಬೇಕು.

ಏನೂ ತಿಳಿಯದೆ ಊಹಿಸಿದರೂ ಮೂರರಲ್ಲಿ ಒಂದು ಸಲ ಉತ್ತರ ಸರಿಯಾಗುತ್ತದೆ. ಮನೆಯ ಆರು ಮಂದಿ ಎರಡೆರಡು ಸಲ ಪರೀಕ್ಷಿಸಿದರೆ 12 ಉತ್ತರಗಳು ಸಿಗುತ್ತವೆ. ಬರಿಯ ಊಹೆಯಿಂದ ಸರಾಸರಿ 4 ಸರಿಯಾಗುತ್ತವೆ. 8 ಅಥವಾ ಹೆಚ್ಚು ಸರಿಯಾದರೆ ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತಿದೆ ಎಂದು ಅರ್ಥ. ಅದಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸವೇ ಇಲ್ಲವೆಂದು ಕೂಡಲೇ ತೀರ್ಮಾನಿಸದೆ, ಬೇರೆಯವರನ್ನು ಕೂರಿಸಿ ಇನ್ನೊಂದು ದಿನ ಮತ್ತೆ ಪರೀಕ್ಷಿಸಬೇಕು.

ಇದರ ಪ್ರಯೋಜನವನ್ನು ಒಂದು ಲೆಕ್ಕದಿಂದ ನೋಡೋಣ. ಚಹಾಪುಡಿ ಕಿಲೋಗೆ 200 ರೂಪಾಯಿ, ಏಲಕ್ಕಿ ಕಿಲೋಗೆ 2,500 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಶೇಕಡಾ 2ರಷ್ಟು ಏಲಕ್ಕಿ ಇರುವ ಒಂದು ಕಿಲೋ ಮಿಶ್ರಣಕ್ಕೆ ಚಹಾ 196 ರೂಪಾಯಿ, ಏಲಕ್ಕಿ 50 ರೂಪಾಯಿ, ಒಟ್ಟು 246 ರೂಪಾಯಿ. ಶೇಕಡಾ 1.5ರಷ್ಟಿದ್ದರೆ 197 ಮತ್ತು 37.50, ಒಟ್ಟು 234.50 ರೂಪಾಯಿ. ವ್ಯತ್ಯಾಸ ಕಿಲೋಗೆ 11.50 ರೂಪಾಯಿ. ತಿಂಗಳಿಗೆ 500 ಕಿಲೋ ಮಾರುವವರಿಗೆ ಇದು 5,750 ರೂಪಾಯಿ, ವರ್ಷಕ್ಕೆ 69,000 ರೂಪಾಯಿ. ಗಿರಾಕಿಗೆ ವ್ಯತ್ಯಾಸ ತಿಳಿಯದಿದ್ದರೆ ಇದು ನ್ಯಾಯವಾದ ಉಳಿತಾಯ. ತಿಳಿಯುವುದಾದರೆ ಇದೇ ಉಳಿತಾಯ ಗಿರಾಕಿಯನ್ನೇ ಕಳೆಯುತ್ತದೆ. ಪೊಟ್ಟಣದ ಮೇಲೆ ಪ್ರಮಾಣ ಮುದ್ರಿಸಿದ್ದರೆ ಅದನ್ನೂ ಬದಲಿಸಬೇಕೆಂಬುದನ್ನು ಮರೆಯಬಾರದು.

ಕಲಬೆರಕೆ ಮತ್ತು ಬಾಳಿಕೆ

ರುಚಿ ಪರೀಕ್ಷೆಯೊಡನೆ ಎರಡು ಚಿಕ್ಕ ತಪಾಸಣೆಗಳನ್ನೂ ಮಾಡಿಬಿಡುವುದು ಲೇಸು. ಸೋಸುವ ಕಾಗದದ ಮೇಲೆ ಚಹಾಪುಡಿ ಹರಡಿ ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ಬಳಿಕ ನಲ್ಲಿ ನೀರಿನಲ್ಲಿ ಕಾಗದವನ್ನು ತೊಳೆದು ಬೆಳಕಿಗೆ ಹಿಡಿದರೆ, ಬಣ್ಣ ಸೇರಿಸಿದ ಚಹಾ ಎದ್ದುಕಾಣುವ ಕಲೆ ಬಿಡುತ್ತದೆ. ಒಮ್ಮೆ ಬಳಸಿದ ಗಷ್ಟನ್ನು ಒಣಗಿಸಿ ಬಣ್ಣ ಕಟ್ಟಿದ ಸರಕು ಇದರಲ್ಲಿ ಸಿಕ್ಕಿಬೀಳುತ್ತದೆ. ಪುಡಿಯ ಮೇಲೆ ಅಯಸ್ಕಾಂತವನ್ನು ಆಡಿಸಿದರೆ ಕಬ್ಬಿಣದ ಚೂರು ಅಂಟಿಕೊಳ್ಳುತ್ತದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯ ವಿರುದ್ಧ ಕ್ರಮ ಕೈಗೊಂಡ ಬಳಿಕ ಗ್ರಾಹಕರು ಬಣ್ಣದ ವಿಚಾರದಲ್ಲಿ ಹೆಚ್ಚು ಎಚ್ಚರದಿಂದಿದ್ದಾರೆ ಎಂಬುದನ್ನು ವರ್ತಕರು ನೆನಪಿಡಬೇಕು. ಚಹಾಕ್ಕೆ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

ಪರಿಮಳದ ಬಾಳಿಕೆಯನ್ನು ಅಳೆಯಲು, ಒಂದು ಚಮಚ ಪುಡಿಯನ್ನು ತೆರೆದ ತಟ್ಟೆಯಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಮುಚ್ಚಿಟ್ಟ ಪುಡಿಯೊಡನೆ ಹೋಲಿಸಬೇಕು. ಮೇಲುಮೇಲಕ್ಕೆ ಸಿಂಪಡಿಸಿದ ಪರಿಮಳ ಸಾಮಾನ್ಯವಾಗಿ ಬಹುಬೇಗ ಹಾರಿಹೋಗುತ್ತದೆ. ಮಸಾಲೆಯ ಚೂರು ತನ್ನೊಳಗಿನ ತೈಲವನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಮೊದಲೇ ಪುಡಿ ಮಾಡಿದ ಏಲಕ್ಕಿಯನ್ನು ಕೊಳ್ಳುವ ಬದಲು, ಬೆರೆಸುವ ದಿನವೇ ಕುಟ್ಟಿಸುವುದು ಇದೇ ಕಾರಣಕ್ಕೆ ಲಾಭದಾಯಕ. ಚಹಾ ತೇವವನ್ನೂ ವಾಸನೆಯನ್ನೂ ಬೇಗ ಹೀರಿಕೊಳ್ಳುವ ಪದಾರ್ಥ. ಸೋಪು, ಊದುಬತ್ತಿ, ಕರ್ಪೂರಗಳ ಪಕ್ಕದಲ್ಲಿ ಚಹಾದ ಚೀಲವನ್ನು ಇಡುವುದು, ಮಸಾಲ ಚಹಾದ ಪಕ್ಕದಲ್ಲಿ ಸಾದಾ ಚಹಾವನ್ನು ತೆರೆದಿಡುವುದು, ಎರಡೂ ಸರಕನ್ನು ಕೆಡಿಸುತ್ತವೆ.

ಕಾನೂನಿನ ಚೌಕಟ್ಟು

ರುಚಿಗೆ ಒಪ್ಪಿದ ಸರಕು ಕಾನೂನಿಗೂ ಒಪ್ಪಬೇಕು. 2011ರ ಆಹಾರ ಸುರಕ್ಷತೆ ಮತ್ತು ಮಾನಕ ನಿಯಮಾವಳಿಗಳ ಪ್ರಕಾರ ಪರಿಮಳ ಚಹಾಕ್ಕೆ ಬಳಸುವ ಮೂಲ ಚಹಾವೂ ಚಹಾದ ಮಾನಕವನ್ನು ಪೂರೈಸಬೇಕು. ನೀರಿನಲ್ಲಿ ಕರಗುವ ಸಾರ ಶೇಕಡಾ 32ಕ್ಕಿಂತ ಕಡಿಮೆಯಿರಬಾರದು, ಒಟ್ಟು ಬೂದಿ ಶೇಕಡಾ 4ರಿಂದ 8ರೊಳಗಿರಬೇಕು, ಕಚ್ಚಾ ನಾರು ಶೇಕಡಾ 16.5ನ್ನು ಮೀರಬಾರದು. ಗಷ್ಟು ಬೆರೆತ ಚಹಾದಲ್ಲಿ ಮೊದಲು ಕುಸಿಯುವುದು ಈ ಸಾರದ ಪ್ರಮಾಣ. ಸಸ್ಯಮೂಲದಿಂದ ಭೌತಿಕ ಕ್ರಮಗಳಿಂದಲೇ ಪಡೆದ ನೈಸರ್ಗಿಕ ಪರಿಮಳಗಳನ್ನು, ಅದೂ ಪೊಟ್ಟಣ ಕಟ್ಟಿದ ಚಹಾಕ್ಕೆ ಮಾತ್ರ, ಸೇರಿಸಲು ಆ ನಿಯಮಾವಳಿ ಅವಕಾಶ ನೀಡಿತು. ತಯಾರಕರು ಮಾರಾಟಕ್ಕೆ ಮುನ್ನ ಟೀ ಬೋರ್ಡ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ, ಪರಿಮಳ ಸೇರಿಸಿರುವುದನ್ನು ಲೇಬಲ್ಲಿನಲ್ಲಿ ಘೋಷಿಸಬೇಕೆಂದೂ ವಿಧಿಸಿತು. ನಿಯಮಗಳಿಗೆ ಆಗಾಗ ತಿದ್ದುಪಡಿಗಳಾಗುವುದರಿಂದ ಲೇಬಲ್ಲನ್ನು ಅಚ್ಚಿಗೆ ಕೊಡುವ ಮುನ್ನ ಜಾರಿಯಲ್ಲಿರುವ ಪಾಠವನ್ನು ಓದಿಕೊಳ್ಳುವುದು ಅಗತ್ಯ. ಸಾರ, ಬೂದಿ, ನಾರಿನ ಪ್ರಮಾಣಗಳನ್ನು ನಾಲಿಗೆಯಿಂದ ಅಳೆಯಲಾಗದು. ಹೊಸ ಪೂರೈಕೆದಾರರ ಮೊದಲ ಸರಕನ್ನಾದರೂ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು.

ಮೇಲೆ ವಿವರಿಸಿದ ಕ್ರಮಕ್ಕೆ ಬೇಕಾಗುವ ಬಂಡವಾಳ ಅಲ್ಪ, ಸಮಯ ವಾರಕ್ಕೆ ಎರಡು ಗಂಟೆ. ಮೊದಲ ಕೆಲವು ವಾರ ಅಂಕಗಳು ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುತ್ತವೆ. ಹತ್ತಾರು ಚೀಟಿಗಳು ಕೂಡಿದಂತೆ ಅಂತರ ಕಡಿಮೆಯಾಗುತ್ತದೆ. ಯಾರ ಮೂಗು ಮುಗ್ಗಲನ್ನು ಬೇಗ ಹಿಡಿಯುತ್ತದೆ, ಯಾರ ನಾಲಿಗೆಗೆ ಒಗರು ಬೇಗ ತಿಳಿಯುತ್ತದೆ ಎಂಬುದೂ ಗೊತ್ತಾಗುತ್ತದೆ. ಅನೇಕ ಮನೆಗಳಲ್ಲಿ ಈ ಪರಿಣತಿ ದಿನವೂ ಚಹಾ ಮಾಡುವ ಹೆಣ್ಣುಮಕ್ಕಳಲ್ಲಿ ಆಗಲೇ ಇರುತ್ತದೆ. ಅವರ ಅಭಿಪ್ರಾಯವನ್ನು ಚೀಟಿಯಲ್ಲಿ ದಾಖಲಿಸಿ ಖರೀದಿಯ ತೀರ್ಮಾನದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನು ಸಣ್ಣ ಉದ್ದಿಮೆದಾರರು ಮುಂದಿನ ಖರೀದಿಯಿಂದಲೇ ಆರಂಭಿಸಬಹುದು.